ಪ್ಲಾಸ್ಟರ್ ಗಟ್ಟಿಯಾಗುವವರೆಗೆ

ರವಿಚಂದ್ರನನ್ನು ಮೊದಲ ಸಲ ನೋಡಿದ ದಿನವೇ ಅವನ ಮೇಲೆ ರೇಗಿಬಿಟ್ಟಿದ್ದೆ. ನನ್ನ ಲಹರಿಯ ಕಾಲಿನ ಮೇಲೆ ನೇರಳೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ.

"ಮಗು ಕಾಲು ಕಣ್ರೀ ಅದು, ಸೌದೆ ಅಲ್ಲ."

"ಸೌದೆ ಆಗಿದ್ರೆ ಇಷ್ಟು ಬೈಸ್ಕೊತಿರ್ಲಿಲ್ಲ ಬುಡಿ," ಎಂದು ತಲೆಯೆತ್ತದೆ ನಕ್ಕ.

ಹುಟ್ಟುವಾಗ ಉಸಿರು ಸಿಕ್ಕದೆ ಲಹರಿಯ ಕಾಲುಗಳು ಸೆಟೆದುಕೊಂಡಿವೆ. ಇವಳು ನಡೆಯುವುದು ಕಷ್ಟ ಎಂದು ಡಾಕ್ಟರ್ ಹೇಳಿದ ವರ್ಷವೇ ಅವಳಪ್ಪ ನಮ್ಮನ್ನು ಬಿಟ್ಟು ಹೋದ. ಹೋಗಲಿ, ಅವನ ಸುದ್ದಿ ಬೇಡ.

ವಿದ್ಯಾರಣ್ಯಪುರಂನ ಪುಟ್ಟ ವರ್ಕ್‌ಶಾಪಿನಲ್ಲಿ ರವಿಚಂದ್ರ ಇಂಥ ಮಕ್ಕಳ ಕಾಲನ್ನು ನೇರ ಹಿಡಿಯುವ ಸ್ಪ್ಲಿಂಟ್ ಮಾಡುತ್ತಾನೆ. ಕಾಲು ಬೆಳೆದ ಹಾಗೆಲ್ಲ ಹೊಸ ಅಳತೆ. ಅಚ್ಚಿಗಾಗಿ ಒದ್ದೆ ಪ್ಲಾಸ್ಟರ್ ಸುತ್ತಿ, ಅದು ಗಟ್ಟಿಯಾಗುವವರೆಗೆ ಪಾದ ಅಲುಗದಂತೆ ಹಿಡಿಯಬೇಕು. ಹಿಮ್ಮಡಿ ಅವನು, ಬೆರಳು ನಾನು. ಐದು ನಿಮಿಷ. ಅವನ ಕಿರುಬೆರಳು ನನ್ನದಕ್ಕೆ ತಾಗುತ್ತದೆ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತೇವೆ. ಕೆಲವು ಸಲ ಅವನು ಗಡಿಯಾರ ಬಿಟ್ಟು ನನ್ನನ್ನು ನೋಡುತ್ತಾನೆ, ನಾನು ನೋಡಿದರೆ ಮತ್ತೆ ಗಡಿಯಾರ. ಮೂರು ವರ್ಷದಿಂದ ಆ ಐದು ನಿಮಿಷಕ್ಕಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಲಹರಿಗೆ ಈಗ ಆಪರೇಷನ್ ಆಗಬೇಕು. ತಡವಾದರೆ ಆಮೇಲೆ ಮಾಡಿಯೂ ಪ್ರಯೋಜನವಿಲ್ಲವಂತೆ. ನಾವು ಹತ್ತದ ಕಚೇರಿಯಿಲ್ಲ, ಮಾಡಿಸದ ಜೆರಾಕ್ಸ್ ಇಲ್ಲ. ಕೊನೆಗೆ ಒಂದು ಟ್ರಸ್ಟ್ ಹುಡುಕಿದವನು ರವಿಚಂದ್ರನೇ. ಒಂಟಿ ತಾಯಂದಿರ ಮಕ್ಕಳಿಗೆ ಮಾತ್ರ ಅವರ ಸಹಾಯ. ಆಪರೇಷನ್, ಮೂರು ವರ್ಷ ಫಿಜಿಯೋಥೆರಪಿ, ಸ್ಪ್ಲಿಂಟ್ ಎಲ್ಲವೂ ಅವರ ಆಸ್ಪತ್ರೆಯಲ್ಲೇ, ಇನ್ನು ಈ ವರ್ಕ್‌ಶಾಪಿಗೆ ಬರುವ ಕೆಲಸವಿಲ್ಲ. ತಾಯಿ ನಿಜಕ್ಕೂ ಒಂಟಿಯೇ ಎಂದು ಹೇಳದೆ ಕೇಳದೆ ಮನೆಗೆ ಬಂದು ವಿಚಾರಿಸುತ್ತಾರಂತೆ.

ಇವತ್ತು ನಾವು ವರ್ಕ್‌ಶಾಪಿಗೆ ಹೋಗುವಷ್ಟರಲ್ಲಿ ರವಿಚಂದ್ರ ಟ್ರಸ್ಟಿನ ಫಾರಂ ತುಂಬಿಟ್ಟಿದ್ದ. ಒಂದು ಸಾಲು ಮಾತ್ರ ಖಾಲಿ. ತಾಯಿಗೆ ಬೇರೆ ಆಸರೆ ಇದೆಯೇ?

"ಇದೊಂದು ಯಾಕೆ ಬಿಟ್ರಿ?"

ಪ್ಲಾಸ್ಟರ್ ಸುರುಳಿಯನ್ನು ಕೈಯಲ್ಲಿ ತಿರುಗಿಸಿದ.

"ಕೈ ಬರ್ಲಿಲ್ಲ, ಕೀರ್ತಿ. ನಾನಿದೀನಿ ಅಂತ ಬರೆದ್ರೆ ಮಗು ಆಪರೇಷನ್ ನಿಂತೋಯ್ತದೆ. ಅದನ್ನ ಮಾಡ್ಸೋ ಶಕ್ತಿ ನಂಗಿಲ್ಲ. ಇಲ್ಲ ಅಂತ ಬರೆದ್ರೆ ಸುಳ್ಳಾಯ್ತದೆ."

ಮೂರು ವರ್ಷ ಕಾದ ಮಾತು. ಬಂದದ್ದು ಹೀಗೆ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಬೆಂಚಿನ ಮೇಲೆ ಲಹರಿ ತನ್ನ ಕಾಲನ್ನು ತಾನೇ ಎತ್ತಿ ನೇರ ಮಾಡಿಕೊಳ್ಳುತ್ತಿದ್ದಳು.

ಪೆನ್ನು ತೆಗೆದುಕೊಂಡು ನಾನೇ "ಇಲ್ಲ" ಎಂದು ಬರೆದೆ.

"ಸುಳ್ಳಾಗೋದು ಬೇಡ," ಅಂದೆ. "ಇನ್ಮೇಲೆ ಮನೆ ಕಡೆ ಬರಬೇಡಿ. ಫೋನೂ ಬೇಡ."

"ಎಲ್ಲೀಗಂಟ?"

"ಇವಳು ನಡೆಯೋಗಂಟ. ಕಾಯ್ತಿರಿ ಅಂತ ಕೇಳಲ್ಲ ನಾನು."

"ನೀವು ಕೇಳ್ದೇ ಇದ್ರೆ ನಾನು ಕಾಯಬಾರ್ದಾ?"

ಫಾರಂ ಮಡಿಸಿ ಚೀಲದೊಳಗಿಟ್ಟೆ. ಟ್ರಸ್ಟಿನ ಹೊಸ ಸ್ಪ್ಲಿಂಟ್ ಸಿಗುವವರೆಗೆ ತನ್ನದೊಂದು ಇರಲಿ ಎಂದು ಅವನು ಲಹರಿಯ ಕಾಲಿಗೆ ಪ್ಲಾಸ್ಟರ್ ಸುತ್ತಿದ. ಹಿಮ್ಮಡಿ ಅವನು, ಬೆರಳು ನಾನು. ಈ ಸಲ ಇಬ್ಬರೂ ಗಡಿಯಾರ ನೋಡಲಿಲ್ಲ.

"ಅಂಕಲ್, ಗಟ್ಟಿ ಆಗೋಯ್ತು ಅನ್ಸುತ್ತೆ," ಅಂದಳು ಲಹರಿ.

ಆಗಲೇ ಕಲ್ಲಿನಂತಾಗಿತ್ತು.

"ಇಲ್ಲ ಪುಟ್ಟಿ, ಇನ್ನೂ ಹಸಿ ಐತೆ," ಎಂದ ರವಿಚಂದ್ರ. ಅವಳಿಗೆ ಅವನು ಹೇಳಿದ ಮೊದಲ ಸುಳ್ಳು ಅದು.