ಬಿಚ್ಚಿದ ಕೆಂಪು ಬಟ್ಟೆ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಚಾಚಕ್ ಪಟ್ಟಣದ ಠಾಣೆಗೆ ದೂರು ಬಂತು. ದೂರುದಾರಳು ದೆಸಾಂಕಾ. ಹಿಂದಿನ ವಾರ ಅವಳ ಗಂಡ, ಮೇಸ್ತ್ರಿ ಮಿಲಾದಿನ್, ತಳಪಾಯದ ಗುಂಡಿಯಲ್ಲಿ ಮಣ್ಣು ಕುಸಿದು ಸತ್ತಿದ್ದ. ಅವಳನ್ನು ಜೀಪಿನಲ್ಲಿ ಕರೆತಂದವನು ಅದೇ ಕಟ್ಟಡದ ಎಂಜಿನಿಯರ್ ರಾತ್ಕೊ. ಅವರ ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು, ಆ ಮನೆಯ ಕೂಮ್, ಅಂದರೆ ರಕ್ತಸಂಬಂಧಕ್ಕಿಂತ ಹತ್ತಿರದವನು; ಅವನೂ ಮಿಲಾದಿನ್‌ನೂ ಒಬ್ಬರನ್ನೊಬ್ಬರು ‘ಕೂಮ್’ ಎಂದೇ ಕರೆಯುತ್ತಿದ್ದರು.

"ಆಕಸ್ಮಿಕ ಅಂತ ಬರೆದು ಮುಗಿಸಿದಾರೆ ಸಾಹೇಬ್ರೆ," ಎಂದಳು ದೆಸಾಂಕಾ.

"ಅಲ್ಲ ಅನ್ನೋಕೆ ಏನಿದೆ?" ಎಂದ ಇನ್‌ಸ್ಪೆಕ್ಟರ್ ತಿಹೋಮಿರ್.

"ಆ ಗುಂಡಿಗೆ ಕೆಂಪು ಬಟ್ಟೆ ಕಟ್ಟಿದ್ದೇ ನಮ್ಮ ಯಜಮಾನ್ರು. ನನ್ನ ಹಳೇ ಏಪ್ರನ್ ಹರಿದು ಕೊಟ್ಟಿದ್ದೆ, ಬಿಳಿ ಚುಕ್ಕೆದು. ಕೆಂಪು ಇರೋ ಕಡೆ ಅವ್ರು ಕಾಲಿಡೋರಲ್ಲ."

"ದುಃಖದಲ್ಲಿದಾಳೆ ಸಾರ್. ನಾನವತ್ತು ಅಲ್ಲಿರ್ಲಿಲ್ಲ," ಎಂದು ರಾತ್ಕೊ ಅವಳ ಕೈ ಹಿಡಿದುಕೊಂಡ.

ಎಫ್‌ಐಆರ್ ದಾಖಲಾಯಿತು. ತಿಹೋಮಿರ್ ಕಾನ್‌ಸ್ಟೇಬಲ್ ಯಾಗೊದಾಳೊಂದಿಗೆ ಸ್ಥಳಕ್ಕೆ ಹೋದ. ಅಲ್ಲಿ ಪ್ರತಿ ಸೋಮವಾರ ಎಲ್ಲರೂ ಸುತ್ತಾಡಿ ಅಪಾಯದ ಜಾಗಗಳನ್ನು ಗುರುತಿಸುತ್ತಿದ್ದರು. ಮೊದಲು ಸರಿಪಡಿಸಬೇಕಾದ್ದಕ್ಕೆ ಕೆಂಪು, ಕಾಯಬಹುದಾದ್ದಕ್ಕೆ ಹಳದಿ. ಕೆಂಪು ಇದ್ದಲ್ಲಿ ಕೆಲಸ ಬಂದ್, ಅದನ್ನು ಕಟ್ಟಿದವನೇ ಬಿಚ್ಚಬೇಕು. ಗುಂಡಿಯ ಕಂಬದಲ್ಲಿ ಇದ್ದದ್ದು ಹಳದಿ. ಮಣ್ಣಿನ ಗೋಡೆಗೆ ಒಂದೇ ಒಂದು ಮರದ ಆಧಾರವೂ ಇರಲಿಲ್ಲ. ಎರಡನ್ನೂ ಪಂಚನಾಮೆಯಲ್ಲಿ ಬರೆದರು.

ಕಂಬಿ ಕಟ್ಟುವ ಬೋಶ್ಕೊನನ್ನು ಕರೆಸಿದರು.

"ಕೆಂಪು ಬಿಚ್ಚಿದ್ದು ಯಾರು?"

"ಬೆನ್ನು ತಿರುಗ್ಸಿ ಕೂತಿದ್ದೆ ಸಾರ್."

"ಕಿವಿ?"

ಬೋಶ್ಕೊ ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿದ. "ಕಿವಿ ತಿರುಗ್ಸೋಕಾಗಲ್ವಲ್ಲ. ಎಂಜಿನಿಯರ್ ಸಾಹೇಬ್ರ ದನಿ. ‘ಆಧಾರ ಕೊಡ್ಸಿದೀನಿ, ಕೆಂಪು ಬಿಚ್ಚಿದೀನಿ, ಇಳಿ ಕೂಮ್’ ಅಂದ್ರು."

"ಮಿಲಾದಿನ್ ಬಗ್ಗಿ ನೋಡ್ಲಿಲ್ವಾ?"

"ಕೂಮ್ ಮಾತನ್ನ ಯಾರಾದ್ರೂ ಬಗ್ಗಿ ನೋಡ್ತಾರಾ?"

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ತಿಹೋಮಿರ್ ಅವನ ಮಾತನ್ನು ಬರೆದುಕೊಂಡ. ತನಗೂ ಒಬ್ಬ ಕೂಮ್ ಇದ್ದ. ಊರಿಗೆ ಹೋಗುವಾಗ ಮನೆಯ ಕೀಲಿ ಕೊಡುತ್ತಿದ್ದದ್ದು ಅವನ ಕೈಗೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಮಧ್ಯಾಹ್ನ ಪೊಲೀಸರು ದೆಸಾಂಕಾಳ ಮನೆ ತಲುಪಿದಾಗ ರಾತ್ಕೊ ಸಾವಿನ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದ. ಪಂಚರ ಎದುರಿಗೆ ಅಂಗಳದಲ್ಲಿದ್ದ ಅವನ ಜೀಪನ್ನು ಶೋಧಿಸಿದರು. ಮುಂದಿನ ಸೀಟಿನ ಕೆಳಗೆ ಮಡಿಸಿಟ್ಟ ಕೆಂಪು ಬಟ್ಟೆ ಯಾಗೊದಾಳ ಕೈಗೆ ಸಿಕ್ಕಿತು. ಅದರ ಮೇಲೆ ಬಿಳಿ ಚುಕ್ಕೆಗಳು.

ದೆಸಾಂಕಾ ಅದರ ಅಂಚು ಮುಟ್ಟಿದಳು. "ನಂದೇ." ಆಮೇಲೆ ರಾತ್ಕೊನ ಕಡೆ ತಿರುಗಿದಳು. "ಕೂಮ್, ಬೆಳಿಗ್ಗೆ ನಾನು ಇದರ ಮೇಲೆ ಕೂತು ಠಾಣೆಗೆ ಬಂದ್ನಾ?"

ರಾತ್ಕೊ ಕಾಫಿ ತಟ್ಟೆಯನ್ನು ಇಳಿಸಿದ. ಸಂಜೆ ನಾಲ್ಕಕ್ಕೆ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. "ಗೋಡೆ ಬಿದ್ರೂ ಬೀಳ್ಬಹುದು, ಇಲ್ದಿದ್ರೂ ಇಲ್ಲ. ಕೆಲಸ ನಿಂತ್ರೆ ನನ್ನ ನೌಕರಿಯಿಂದ ತೆಗೆಯೋದು ಮಾತ್ರ ಖಚಿತ. ಖಚಿತವಾದ್ದನ್ನೇ ಮೊದಲು ನೋಡ್ಕೊಂಡೆ."

"ಬಟ್ಟೆ ಯಾಕೆ ಎಸೀಲಿಲ್ಲ?"

"ಸಂಜೆ ಮತ್ತೆ ಕಟ್ಟೋಣ ಅಂತಿದ್ದೆ ಸಾರ್."

ತಿಹೋಮಿರ್ ಅದನ್ನೂ ಬರೆದುಕೊಂಡ. ಕೊಲ್ಲುವ ಮನಸ್ಸು ರಾತ್ಕೊಗೆ ಇರಲಿಲ್ಲ. ಕೂಮ್‌ನ ಜೀವವನ್ನು ಅರ್ಧ ದಿನದ ಮಟ್ಟಿಗೆ ‘ಕಾಯಬಹುದು’ ಎನ್ನುವ ಹಳದಿ ಸಾಲಿಗೆ ಸರಿಸಿದ್ದ, ಅಷ್ಟೇ.