ಆರನೆಯ ಹುಡುಗಿ

ಬಸ್ಸಿನಲ್ಲಿ ಒಂದೇ ಒಂದು ಸೀಟು ಖಾಲಿ ಇತ್ತು. ಅದೂ ಅವನ ಪಕ್ಕದಲ್ಲಿ!

ಸುರಪುರದಲ್ಲಿ ಯಾದಗಿರಿ ಬಸ್ಸು ಹತ್ತಿದ ಕಲ್ಪನಾ ಕಂಬಿ ಹಿಡಿದು ಅರೆಗಳಿಗೆ ನಿಂತಳು. ಹಣಮೇಶ ತಲೆ ಎತ್ತಿ ನೋಡಿದ. ಹದಿನೆಂಟು ದಿನಗಳ ಮೇಲೆ ಇಬ್ಬರ ಕಣ್ಣು ಕೂಡಿದವು.

ಅವಳು ಕೂತಳು. ಅವನು ಎದ್ದ!

ಒಂದು ಮಾತೂ ಆಡದೆ ಚೀಲ ಹೆಗಲಿಗೇರಿಸಿ, ಹಿಂದಿನ ಬಾಗಿಲ ಬಳಿ ಹೋಗಿ ನಿಂತುಬಿಟ್ಟ.

ಅವನು ನಾಲ್ಕು ಮಾತು ಬೈದಿದ್ದರೂ ಚೆನ್ನಾಗಿತ್ತು... ಕಲ್ಪನಾಳ ಕಿವಿಯ ತುದಿಯವರೆಗೂ ಬಿಸಿ ಏರಿತು.

ಖಾಲಿಯಾದ ಸೀಟಿಗೆ ಬುಟ್ಟಿ ಸಮೇತ ಬಂದು ಕೂತವಳು ಬಳೆ ಮಾರುವ ಸಾಯಬಮ್ಮ.

“ಯಾಕವ್ವಾ, ಆ ಹುಡುಗ ಮುಳ್ಳಿನ ಮ್ಯಾಲ ಕುಂತವರಂಗ ಎದ್ದು ಹೋದ? ಏನ್ ಮಾಡೀದಿ ಅವಗ?”

“ಏನಿಲ್ಲ ಆಯಿ.”

“ಏನಿಲ್ಲಂದ್ರ ಮಾರಿ ಯಾಕ ಕೆಂಪಾಗ್ಯಾದ? ಹೆಣ್ಮಕ್ಕಳ ಕೈ ಹಿಡದು ಬಳಿ ಇಡಾಕ ಹತ್ತಿ ಐವತ್ತು ವರ್ಷ ಆತು. ಕೈ ಮುಟ್ಟಿದ್ರ ಸಾಕು, ಯಾರ ಮನಸ್ಸು ಎಲ್ಲದ ಅಂತ ಗೊತ್ತಾಗ್ತದ ನನಗ!”

ಕಲ್ಪನಾ ಎರಡೂ ಕೈಗಳನ್ನು ದುಪ್ಪಟ್ಟಾದೊಳಗೆ ಮುಚ್ಚಿಕೊಂಡಳು.

ಏನು ಮಾಡಿದ್ದಳು ಅವಳು?

ಮೂರು ವರ್ಷದ ಹಿಂದೆ ವ್ಯಾಯಾಮ ಶಿಕ್ಷಕ ವಿಶ್ವರಾಧ್ಯ ಸರ್ ಸುರಪುರಕ್ಕೆ ಲ್ಯಾಕ್ರಾಸ್ ಎಂಬ ಹೊಸ ಆಟ ತಂದಿದ್ದರು. ತುದಿಯಲ್ಲಿ ಜಾಳಿಗೆ ಇರುವ ಕೋಲು. ಆ ಜಾಳಿಗೆಯಲ್ಲೇ ಚೆಂಡು ಹಿಡಿಯಬೇಕು, ಹೊತ್ತು ಓಡಬೇಕು, ಎಸೆಯಬೇಕು. ಕುರಿಗಳ ಹಿಂದೆ ಓಡಿ ಬೆಳೆದ ಕಲ್ಪನಾ ಆ ಮೈದಾನದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಅವಳ ಕೋಲಿನ ಜಾಳಿಗೆ ಹರಿದಾಗ ಹೊಸದು ಎಲ್ಲಿ ಸಿಗಬೇಕು? ಅದೇ ಓಣಿಯ ಹಣಮೇಶ ಎತ್ತಿನ ಬಾಯಿಗೆ ಹಾಕುವ ಜಾಳಿಗೆಯ ಹಾಗೆ, ತಾನೇ ಹುರಿ ಹೊಸೆದು, ಎರಡು ದಿನ ಕೂತು ಹೆಣೆದುಕೊಟ್ಟಿದ್ದ. ಅದರಲ್ಲಿ ಒಮ್ಮೆ ಕೂತ ಚೆಂಡು ಜಾರುತ್ತಿರಲಿಲ್ಲ.

ಪಿಯುಸಿ ಮುಗಿಯಿತು. ಕಲಬುರಗಿಯ ದೊಡ್ಡ ಕಾಲೇಜೊಂದರಲ್ಲಿ ಆಟಗಾರರಿಗೆ ಸೀಟು ಇದೆಯೆಂದು ಆಯ್ಕೆಗೆ ಹೋದಾಗ ಜೊತೆಗೆ ಬಂದವನೂ ಅವನೇ. ಅಲ್ಲಿನ ಹುಡುಗಿಯರು ಅವಳ ಕೋಲು ನೋಡಿ, ಕೋಚ್ ಮೇಡಂ ಎದುರಿಗೇ ಬಿದ್ದು ಬಿದ್ದು ನಕ್ಕರು.

“ಏ, ಎತ್ತಿನ ಬಾಯಿಗೆ ಹಾಕೋದು ತಂದಾಳ ನೋಡ್ರೇ! ಯಾರು ಮಾಡಿಕೊಟ್ರು?”

“ನಮ್ಮ ಮನ್ಯಾಗ ಕುರಿ ಕಾಯೋ ಆಳು ಅದಾನ... ಅವ ಮಾಡ್ಯಾನ,” ಎಂದುಬಿಟ್ಟಳು ಕಲ್ಪನಾ.

ಆ ಹೊತ್ತಿಗೆ ಹಣಮೇಶ ಅವಳ ನೀರಿನ ಬಾಟಲಿ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದ.

ಆಯ್ಕೆ ಆಯಿತು. ಆದರೆ ಅಂದಿನಿಂದ ಹಣಮೇಶ ಅವಳಿದ್ದ ಕಡೆ ಸುಳಿಯಲಿಲ್ಲ. ಕಲಬುರಗಿಯಲ್ಲಿ ಸೇರಲು ನಾಳೆಯೇ ಕೊನೆಯ ದಿನ. “ಹೆಸರು ನೋಡಿ ಸೇರಬ್ಯಾಡ ತಂಗಿ. ಆಡಾಕ ಸಿಗ್ತದೋ ಇಲ್ಲೋ ಕೇಳು. ಯಾದಗಿರಿ ಕಾಲೇಜೂ ಒಮ್ಮೆ ನೋಡಿ ಬಾ,” ಎಂದಿದ್ದರು ವಿಶ್ವರಾಧ್ಯ ಸರ್. ಅದಕ್ಕೇ ಇಂದು ಈ ಬಸ್ಸು ಹತ್ತಿದ್ದಳು. ಹಣಮೇಶ ಬಿಎ ಓದುತ್ತಿದ್ದದ್ದೂ ಅಲ್ಲಿಯೇ.

ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ದಾಟಿ ಬಸ್ಸು ಶಹಾಪುರದಲ್ಲಿ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದ. ಹಣಮೇಶನೂ ಇಳಿದ.

‘ಈಗ ಮಾತಾಡದಿದ್ದರೆ ಇನ್ನೆಂದೂ ಆಗುವುದಿಲ್ಲ...’ ಕಲ್ಪನಾ ಅವನ ಹಿಂದೆಯೇ ಹೋದಳು.

“ಹಣಮೇಶ... ತಪ್ಪಾತು.”

“ಯಾವುದು?”

“ನಿನ್ನ ಆಳು ಅಂದದ್ದು.”

ಅವನು ರಸ್ತೆಯಲ್ಲಿ ಹೋಗುತ್ತಿದ್ದ ಹತ್ತಿ ಲಾರಿಯನ್ನೇ ನೋಡುತ್ತಿದ್ದ.

“ಹೋದ ವರ್ಷ ಎರಡು ತಿಂಗಳು ಮಂದಿ ಹೊಲದಾಗ ಆಳಾಗಿ ದುಡದೀನಿ. ಆ ಮಾತಿಗಿ ನನಗೇನ್ ಸಿಟ್ಟಿಲ್ಲ. ಆದ್ರ ನಿಮ್ಮ ಮನ್ಯಾಗ ಕುರಿ ಕಾಯೋರು ಯಾರು, ಕಲ್ಪನಾ?”

ಕಾಯುವವನು ಅಪ್ಪ! ಕಿತ್ತ ಚಪ್ಪಲಿಗೆ ತಂತಿ ಸುತ್ತಿಕೊಂಡು ದಿನಾ ಅಡವಿಗೆ ಹೋಗುವ ಅಪ್ಪ. ಹದಿನೆಂಟು ದಿನ ಹಣಮೇಶನನ್ನು ಆಳು ಅಂದೆನೆಂದು ನಾಚಿಕೊಂಡಿದ್ದಳು... ತಾನು ಇಲ್ಲವೆನಿಸಿ ಬಂದದ್ದು ಯಾರನ್ನು ಎಂಬುದು ಈಗ ತಿಳಿಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಫೋನು ತೆಗೆದು ಕಲಬುರಗಿಯ ಕೋಚ್ ಮೇಡಂಗೆ ಕರೆ ಮಾಡಿದಳು. ಅವನೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಮೇಡಂ, ನಾ ಕಲ್ಪನಾ, ಸುರಪುರದಾಕಿ. ಅವತ್ತು ಒಂದು ಸುಳ್ಳು ಹೇಳಿದ್ನಿರಿ. ನಮ್ಮ ಮನ್ಯಾಗ ಆಳು ಯಾರೂ ಇಲ್ರಿ. ಕುರಿ ಕಾಯೋರು ನಮ್ಮಪ್ಪ. ಕೋಲು ಹೆಣದವ ನನ್ನ... ನನ್ನ ಗೆಳೆಯರಿ.”

ಸ್ಪೀಕರಿನಲ್ಲಿ ಮೇಡಂ ದನಿ ಕೇಳಿಸಿತು.

“ನಿನ್ನ ಮನೀ ವಿಚಾರ ಯಾರು ಕೇಳಿದ್ರವ್ವಾ? ನಾ ನೋಡಿದ್ದು ನಿನ್ನ ಓಟ. ನಾಳಿಗಿ ಬಂದು ಸೇರು.”

ಯಾರೂ ಕೇಳಿರಲಿಲ್ಲ! ಯಾರಿಗೂ ಬೇಡವಾಗಿದ್ದ ಸುಳ್ಳಿಗೆ ಅಪ್ಪನನ್ನೇ ಒತ್ತೆ ಇಟ್ಟಿದ್ದಳು. ದುಪ್ಪಟ್ಟಾದ ಅಂಚಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು:

“ಮೊದಲನೇ ವರ್ಷ ನನಗ ಆಡಾಕ ಸಿಗ್ತದೇನ್ರಿ ಮೇಡಂ?”

“ನಿನ್ನ ಮುಂದ ಹದಿನಾಲ್ಕು ಮಂದಿ ಅದಾರ. ಎರಡು ವರ್ಷ ಹೊರಗ ಕುಂತು ನೋಡಬೇಕಾಗ್ತದ. ಮೊದಲೇ ಹೇಳಿಬಿಡ್ತೀನಿ.”

ಫೋನು ಇಟ್ಟ ಮೇಲೆ ಹಣಮೇಶ ಮೆಲ್ಲಗೆ ಹೇಳಿದ, “ಹೋಗು ಕಲಬುರಗಿಗಿ. ನನ್ನ ಮುಂದ ತಪ್ಪು ತೊಳಕೊಳ್ಳಾಕ ಅಂತ ಯಾದಗಿರಿಗಿ ಬರಬ್ಯಾಡ.”

“ನಿಮ್ಮ ಕಾಲೇಜಿನ್ಯಾಗ ಎಷ್ಟು ಹುಡುಗ್ಯಾರು ಆಡ್ತಾರ?”

“ಐದು. ಟೀಮಿಗಿ ಆರು ಮಂದಿ ಬೇಕು. ಒಬ್ಬಾಕಿ ಕಡಿಮಿ ಬಿದ್ದು ಹೋದ ವರ್ಷ ಹೆಸರೇ ಕೊಡಲಿಲ್ಲ. ಗ್ರೌಂಡ್ ತುಂಬ ಕಲ್ಲು ಅದಾವ, ನೋಡು ಮತ್ತ.”

“ಕೋಚ್?”

“ವಾರಕ್ಕ ಮೂರು ದಿನ.”

ಹೊರಗೆ ಕೂತು ನೋಡುವುದು... ತನ್ನ ಕಾಲಿಗೆ ಅದು ಆಗದು.

“ಕಲ್ಲು ಆರಿಸಿದ್ರಾತು. ನಾ ಬಂದ್ರ ಮೊದಲನೇ ಮ್ಯಾಚಿಗೇ ಇಳೀತೀನಿ. ನಿಮ್ಮ ಕಾಲೇಜೇ ಸೇರ್ತೀನಿ.”

“ಅಂದ್ರ... ನನ್ನ ಸಲುವಾಗಿ ಅಲ್ಲ?”

“ಅಲ್ಲ!”

ಹಣಮೇಶ ನಕ್ಕುಬಿಟ್ಟ. ಹದಿನೆಂಟು ದಿನದಲ್ಲಿ ಮೊದಲ ನಗು.

“ನಿನ್ನ ಸಲುವಾಗಿ ಬ್ಯಾರೆ ಮಾತದ,” ಎಂದಳು ಅವಳು ನೆಲ ನೋಡುತ್ತ. “ಹೇಳಾಕ ಮಾರಿ ಇಲ್ಲ ನನಗ.”

“ಹೇಳು.”

“ನೀ ಬೇಕು ನನಗ. ಮೊದಲಿಂದಾನೂ... ಹೇಳಾಕ ಹೆದರಿಕಿ ಇತ್ತು.”

ಹಣಮೇಶ ಅವಳ ಮುಖ ನೋಡಿದ. ಡ್ರೈವರ್ ಹಾರ್ನ್ ಬಾರಿಸಿದ.

“ಸಂಜಿಗಿ ಅಪ್ಪಗ ಎಲ್ಲಾ ಹೇಳಿಬಿಡ್ತೀನಿ,” ಎಂದಳು ಕಲ್ಪನಾ. “ಕಲಬುರಗ್ಯಾಗ ನಾ ಏನಂದೆ ಅಂತ.”

“ಬ್ಯಾಡ. ನಿನ್ನ ಮನಸ್ಸು ಹಗುರ ಆಗ್ತದ, ನಿಮ್ಮಪ್ಪಂದು ಭಾರ ಆಗ್ತದ. ಆ ಮಾತು ನಮ್ಮಿಬ್ಬರಾಗೇ ಇರಲಿ.”

ಅವಳ ಕಣ್ಣು ತುಂಬಿ ಬಂದವು.

“ನೀ ಅದನ್ನ ಮರೀತಿ?”

“ಇಲ್ಲ. ಮರಿಯಾಕ ಆಗೂದಿಲ್ಲ.”

“ಮತ್ತ...?”

“ಮರೀದೇನೇ ಇರ್ತೀನಿ, ನಿನ್ನ ಜೋಡಿ,” ಎಂದ ಹಣಮೇಶ. “ನಡಿ, ಬಸ್ಸು ಹೊಂಟದ.”