ಕೌಂಟಿ ರಸ್ತೆ ಒಂಬತ್ತರ ಬಿಳಿ ಬೆಳಕು

ಡಿಸೆಂಬರ್ 5, ಗುರುವಾರ, ಬೆಳಿಗ್ಗೆ 9.10. ನಾರ್ತ್ ಡಕೋಟಾದ ವಿಲ್ಲೋ ಫೋರ್ಕ್ ಕೌಂಟಿಯ ಶೆರಿಫ್ ಠಾಣೆಗೆ ಬಂದ ಮರ್ಲಾ ರೆನ್ನರ್ ದಂಡದ ಚೀಟಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಮಂಗಳವಾರ ಸಂಜೆ ಅವಳ ಮಗ ಕೋಲ್ಬಿಯ ಕಾರು ಕೌಂಟಿ ರಸ್ತೆ ಒಂಬತ್ತರ ಬದಿಯ ಹಳ್ಳಕ್ಕೆ ಉರುಳಿತ್ತು. ಚೀಟಿಯಲ್ಲಿ ‘ನಿರ್ಲಕ್ಷ್ಯದ ಚಾಲನೆ’ ಎಂದು ಬರೆದಿತ್ತು.

"ನಿನ್ನೆ ಅವನ ಎಡಪಾದ ಕತ್ತರಿಸಿದ್ರು, ವರ್ನ್. ನಿಮ್ಮೋರು ಆಸ್ಪತ್ರೆಗೇ ಬಂದು ಮಂಚದ ಮೇಲೆ ಇದನ್ನ ಇಟ್ಟು ಹೋದ್ರು."

ಸಾರ್ಜೆಂಟ್ ವರ್ನ್ ಹಾಗನ್ ಚೀಟಿ ಓದಿದ. "ಅವನೇನಂತಾನೆ?"

"ಮುಂದಿದ್ದ ಪಿಕಪ್ಪಿನ ರಿವರ್ಸ್ ಲೈಟು ಇದ್ದಕ್ಕಿದ್ದ ಹಾಗೆ ಹತ್ಕೊಂಡ್ವಂತೆ. ಗಾಡಿ ಹಿಂದಕ್ಕೆ ನನ್ನ ಮೇಲೇ ಬರ್ತಿದೆ ಅಂತ ಸ್ಟೇರಿಂಗ್ ತಿರುಗಿಸಿದ್ನಂತೆ. ಊರೆಲ್ಲ ನಗ್ತಿದೆ. ನನ್ನ ಮಗ ಸುಳ್ಳ ಅಲ್ಲ ಅಂತ ಬರ್ಕೊಡು, ನನಗಿನ್ನೇನೂ ಬೇಡ."

ಹಾಗನ್ ದೂರು ದಾಖಲಿಸಿಕೊಂಡ. ರಕ್ತ ಪರೀಕ್ಷೆಯ ವರದಿ ತರಿಸಿ ನೋಡಿದ. ಹುಡುಗ ಒಂದು ಹನಿಯೂ ಕುಡಿದಿರಲಿಲ್ಲ.

11.30ಕ್ಕೆ ಸ್ಥಳ ಮಹಜರು ನಡೆಯಿತು. ಕಾರಿನ ಜಾಡು ಮೈಲಿಕಲ್ಲಿನ ಬಳಿ ಬಲಕ್ಕೆ ಸರಕ್ಕನೆ ತಿರುಗಿತ್ತು. ನಿದ್ದೆ ಹೋದವನ ಕಾರು ಹಾಗೆ ತಿರುಗುವುದಿಲ್ಲ.

"ಅರವತ್ತು ಮೈಲಿ ವೇಗದಲ್ಲಿ ಯಾವ ಪುಣ್ಯಾತ್ಮ ರಿವರ್ಸ್ ಹಾಕ್ತಾನೆ ಸಾರ್?" ಎಂದು ಡೆಪ್ಯುಟಿ ಟೀನಾ ಬೋಶಿ ಕೇಳಿದಳು.

"ಗೇರ್ ಯಾಕೆ ಬೇಕು? ನಿನ್ನ ಪಿಕಪ್ಪಲ್ಲೂ ಒಳಗೇ ಸ್ವಿಚ್ ಇದೆಯಲ್ಲ?"

ಕಂಪನಿ ಕೊಡುವ ರಿವರ್ಸ್ ಲೈಟು ಹೆಸರಿಗೆ ಮಾತ್ರ ಬೆಳಕು. ಟ್ರೇಲರ್ ಸಿಕ್ಕಿಸಬೇಕಾದವರೆಲ್ಲ ಹೆಚ್ಚಿನ ದೀಪ ಕೊಂಡು ಹಿಂದಿನ ಬಂಪರಿಗೆ ಬಿಗಿದುಕೊಳ್ಳುತ್ತಾರೆ. ಗೇರ್ ಹಾಕದೆಯೂ ಹತ್ತಲಿ ಎಂದು ಕೆಲವರು ಬೇರೆ ಸ್ವಿಚ್ ಇಡಿಸುತ್ತಾರೆ. ಇದರಲ್ಲಿ ತಪ್ಪೇನೂ ಇರಲಿಲ್ಲ.

ಹಾಗನ್‌ನನ್ನು ಕಾಡಿದ್ದು ಬೇರೆ ವಿಷಯ. ಕೋಲ್ಬಿ ಬಿದ್ದದ್ದು 5.35ಕ್ಕೆ. ಹಿಮ ಗೋರುವ ಗಾಡಿಯವನು ಅವನನ್ನು ಕಂಡದ್ದು 6.45ಕ್ಕೆ. ಜಜ್ಜಿದ ಪಾದ ಎಪ್ಪತ್ತು ನಿಮಿಷ ಕೊರೆಯುವ ಚಳಿಯಲ್ಲಿ ಸಿಕ್ಕಿಕೊಂಡಿತ್ತು. ಈ ಸೀಮೆಯಲ್ಲಿ ಜಗಳವಾಡಿ ಮಾತು ಬಿಟ್ಟವರು ಕೂಡ ಹಳ್ಳಕ್ಕೆ ಬಿದ್ದ ಕಾರು ಕಂಡರೆ ನಿಲ್ಲುತ್ತಾರೆ. ಪಿಕಪ್ಪಿನವನು ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನ 2.15. ಕೌಂಟಿಯಲ್ಲಿ ಅಂಥ ದೀಪ ಮಾರುವುದು ಡ್ವೇನನ ಬಿಡಿಭಾಗದ ಅಂಗಡಿ ಒಂದೇ.

"ಈ ಚಳಿಗಾಲ ಹಿಂದಿನ ದೀಪ ಯಾರ್ಯಾರು ಒಯ್ದ್ರು?"

"ಮೂರು ಜನ. ಇಬ್ಬರು ಅಗಲಕ್ಕೆ ಹರಡೋದು ತಗೊಂಡ್ರು. ಹಿಂದಕ್ಕೆ ಹೋಗೋರಿಗೆ ಬೇಕಾಗಿರೋದೇ ಅದು. ಎರಡೂ ಬದಿಯ ಬೇಲಿ ಕಾಣ್ಬೇಕಲ್ಲ."

"ಮೂರನೆಯವರು?"

ಡ್ವೇನ್ ತಲೆ ಕೆರೆದುಕೊಂಡ. "ನೆಟ್ಟಗೆ ದೂರಕ್ಕೆ ಹೊಡೆಯೋದೇ ಬೇಕು ಅಂದ್ರು. ಅದು ಗಾಡಿ ಮುಂದಕ್ಕೆ ಹಾಕೋದು ಕಣಮ್ಮ, ಹಿಂದಕ್ಕೆ ಹಾಕಿದ್ರೆ ಪ್ರಯೋಜನ ಇಲ್ಲ ಅಂತ ಬಡ್ಕೊಂಡೆ. ಕೇಳ್ಲಿಲ್ಲ. ಬಿಗಿಯೋದನ್ನೂ ತಾನೇ ಮಾಡ್ಕೊಳ್ತೀನಿ ಅಂದ್ರು."

"ಯಾರು ಅಂದೆ?"

"ಲೊರೇನ್ ಶಾಟ್ಜ್. ಆ ಮಹಾತಾಯಿಗೆ ಏನೂ ತೊಂದರೆ ಮಾಡ್ಬೇಡ ಮಾರಾಯ."

ತಪ್ಪು ದೀಪ ಕೊಂಡವರನ್ನೆಲ್ಲ ಒಳಗೆ ಹಾಕಿದರೆ ಕೌಂಟಿಯ ಜೈಲು ಸಾಲದು. ಹಾಗನ್ ಬೆಳಗಿನ ದೂರಿನ ಹೇಳಿಕೆ ಪೂರ್ಣಗೊಳಿಸಲು 3.40ಕ್ಕೆ ಮರ್ಲಾಳ ಮನೆಗೆ ಹೋದ. ಕಾಫಿ ಕುಡಿಯದೆ ಅಲ್ಲಿಂದ ಎದ್ದು ಬರುವ ಹಾಗಿರಲಿಲ್ಲ. ಅಡುಗೆಕಟ್ಟೆಯ ಮೇಲೆ ಅಕ್ಕಪಕ್ಕದವರು ತಂದುಕೊಟ್ಟ ಹಾಟ್‌ಡಿಶ್‌ನ ಗಾಜಿನ ತಟ್ಟೆಗಳು ತೊಳೆದು ಸಾಲಾಗಿದ್ದವು. ಯಾರ ಮನೆಯಲ್ಲಿ ಕಷ್ಟವೋ ಅವರ ಬಾಗಿಲಿಗೆ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಬಿಸಿ ತಟ್ಟೆ ಹೋಗಲೇಬೇಕು.

"ಮೊದಲನೇದು ಇದು ನೋಡು. ಆಸ್ಪತ್ರೆಯಿಂದ ಫೋನ್ ಬಂತು, ಕೋಟು ಹಾಕ್ಕೊಂಡು ಓಡಿದೆ, ಹೊಸ್ತಿಲಲ್ಲಿ ಇದನ್ನ ತುಳಿದೇಬಿಡ್ತಿದ್ದೆ. ಹಬೆಯಾಡ್ತಿತ್ತು" ಎಂದಳು ಮರ್ಲಾ.

ಹಾಗನ್ ಕಾಫಿ ಕೆಳಗಿಟ್ಟ. "ಫೋನ್ ಎಷ್ಟು ಹೊತ್ತಿಗೆ ಬಂತು?"

"ಏಳು ಗಂಟೆ ಐದು ನಿಮಿಷ."

ತಾಯಿಗೇ ಸುದ್ದಿ ಮುಟ್ಟುವ ಮೊದಲು ಈ ತಟ್ಟೆ ಬಂದಿತ್ತು. ಅವನು ಅದನ್ನು ಬೋರಲು ಹಾಕಿದ. ವಾಪಸು ಬರಲೆಂದು ಇಲ್ಲಿನ ಹೆಂಗಸರೆಲ್ಲ ತಳಕ್ಕೆ ಹೆಸರಿನ ಪಟ್ಟಿ ಅಂಟಿಸುತ್ತಾರೆ. ಪಟ್ಟಿಯಲ್ಲಿ ‘ಲೊರೇನ್ ಶಾಟ್ಜ್’ ಎಂದಿತ್ತು. ಮರ್ಲಾ ಹಾಗನ್‌ನ ಮುಖ ನೋಡಿದಳು, ಮತ್ತೆ ಪಟ್ಟಿ ನೋಡಿದಳು.

ಸಂಜೆ 4.50, ಶಾಟ್ಜ್ ತೋಟದಮನೆ. ಲೊರೇನ್‌ಗೆ ಅರವತ್ಮೂರು ವರ್ಷ. ವಾರಂಟ್ ತೋರಿಸಿದರೆ ಓದಲಿಲ್ಲ, ಕೀಲಿ ಕೊಟ್ಟಳು. ಕೊಟ್ಟಿಗೆಯ ಗೋಡೆಗೆ ಬೆನ್ನು ಮಾಡಿ ಪಿಕಪ್ ನಿಲ್ಲಿಸಿ ಟೀನಾ ಒಳಗಿನ ಸ್ವಿಚ್ ಒತ್ತಿದಳು. ನೆಲಕ್ಕೆ ಬೀಳಬೇಕಾದ ಬೆಳಕು ಗೋಡೆಯ ಮೇಲೆ ನಾಲ್ಕಡಿ ಎತ್ತರಕ್ಕೆ ಬಿತ್ತು. ಕಾರಿನಲ್ಲಿ ಕೂತವನ ಕಣ್ಣಿನ ಮಟ್ಟ ಅದು. ಟೀನಾ ಅಳತೆಯನ್ನು ಮಹಜರಿನಲ್ಲಿ ಬರೆದಳು.

"ಟ್ರೇಲರ್ ಇದೆಯಾ?" ಎಂದು ಹಾಗನ್ ಕೇಳಿದ.

"ಇಲ್ಲ."

"ಮತ್ತೆ ಈ ದೀಪ?"

"ಆಲ್ವಿನ್ ಹೇಗೆ ಹೋದ್ರು ಅಂತ ನಿನಗೆ ಗೊತ್ತು."

ಹಾಗನ್‌ಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವಳ ಗಂಡ ಆಲ್ವಿನ್ ತಮ್ಮದೇ ಗೇಟಿಗೆ ತಿರುಗಲೆಂದು ವೇಗ ತಗ್ಗಿಸಿದ್ದ. ಬೆನ್ನಿಗಂಟಿಕೊಂಡು ಬಂದ ಗಾಡಿಯೊಂದು ಗುದ್ದಿತ್ತು.

"ಆಮೇಲಿಂದ ದಿನಾ ಸಂಜೆ ಯಾರಾದ್ರೊಬ್ಬರು ಬೆನ್ನಿಗೇ ಬರ್ತಾರೆ, ವರ್ನ್. ಕನ್ನಡಿ ತುಂಬ ಅವರ ಬೆಳಕು. ಗೇಟು ಬಂದ್ರೆ ತಿರುಗೋಕೆ ಕೈಯೇ ಬರಲ್ಲ. ಎರಡು ಸಲ ಮುಂದಕ್ಕೆ ಹೋಗಿ ಸುತ್ತು ಹಾಕ್ಕೊಂಡು ಬಂದಿದೀನಿ. ಹೆದರಿ ಹಿಂದೆ ಸರೀಲಿ ಅಂತ ಸ್ವಿಚ್ ಒತ್ತಿದೆ."

"ಕೋಲ್ಬಿ ಕಾರು ಅಂತ ಗೊತ್ತಿತ್ತಾ?"

"ಉರುಳಿದ ಮೇಲೆ ಗೊತ್ತಾಯ್ತು. ಚರ್ಚಿನ ಸಂಡೇ ಸ್ಕೂಲಲ್ಲಿ ನಾನೇ ಪಾಠ ಹೇಳಿದ ಹುಡುಗ."

"ನಿಲ್ಲಲಿಲ್ಲ ಯಾಕೆ?"

"ಒಂದು ಫೋನ್ ಮಾಡಿದ್ರೆ ಕಾಲು ಉಳೀತಿತ್ತಾ?"

"ಉಳೀತಿತ್ತು ಅಂದ್ರು ಡಾಕ್ಟರು."

5.30ಕ್ಕೆ ಬಂಧನವಾಯಿತು. ಟೀನಾ ಅವಳಿಗೆ ಕೋಟು ಹಾಕಿಸಿದಳು. ಬೇಡಿ ಹಾಕಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಮರುದಿನ ಹಾಗನ್ ದಂಡದ ಚೀಟಿ ರದ್ದು ಮಾಡಿಸಿ ಮರ್ಲಾಳಿಗೆ ಕಾಗದ ಕೊಟ್ಟ. ಮಗ ಹೇಳಿದ್ದು ನಿಜ ಎಂದು ಅದರಲ್ಲಿತ್ತು. ಅವನು ಹತ್ತೇ ಅಡಿ ಅಂತರದಲ್ಲಿ ಪಿಕಪ್ಪಿನ ಬೆನ್ನಿಗಂಟಿಕೊಂಡು ಹೋಗುತ್ತಿದ್ದ ಎಂದೂ ಇತ್ತು. ಹುಡುಗನೇ ಅದನ್ನು ಒಪ್ಪಿಕೊಂಡಿದ್ದ. ಮರ್ಲಾ ಎರಡು ಸಲ ಓದಿ, ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಲೊರೇನಳ ಹೇಳಿಕೆಯ ಕೊನೆಯ ಸಾಲುಗಳನ್ನು ಹಾಗನ್ ಒಂದಕ್ಷರ ತಿದ್ದದೆ ಕಡತಕ್ಕೆ ಸೇರಿಸಿದ: "ಆಲ್ವಿನ್‌ಗೆ ಗುದ್ದಿದವನೂ ನಿಲ್ಲಲಿಲ್ಲ. ನಲವತ್ತು ನಿಮಿಷ ಅವರು ಹಿಮದಲ್ಲಿ ಉಸಿರಾಡ್ತಾ ಬಿದ್ದಿದ್ರು. ಹೇಗೆ ಹೋದ, ಅವನಿಗೆ ಮನಸ್ಸಾದ್ರೂ ಹೇಗೆ ಬಂತು ಅಂತ ಎರಡು ವರ್ಷ ದಿನಾ ಕೇಳ್ಕೊಂಡೆ. ಈಗ ಗೊತ್ತಾಯ್ತು."